ಕುಡಿತ ಕಾಯಿಲೆಯಾಗುವುದು ಯಾವಾಗ? ಮದ್ಯಸೇವನೆಯ ಅಸ್ವಸ್ಥತೆಯನ್ನು ವೈದ್ಯರು ಗುರುತಿಸುವ ಬಗೆ

ಎದೆಯುರಿ, ನಿದ್ದೆಗೇಡು ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಎಂದು ಬಂದವರನ್ನು ವೈದ್ಯರು ‘ಕುಡಿಯುವ ಅಭ್ಯಾಸ ಇದೆಯೇ?’ ಎಂದು ಕೇಳಿದಾಗ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ಯಾವಾಗಲಾದರೂ ಒಮ್ಮೆ, ಸ್ವಲ್ಪ.’ ಅದನ್ನಷ್ಟೇ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರೆ ರೋಗನಿರ್ಣಯ ಅಲ್ಲಿಗೇ ಕೈತಪ್ಪಿತು. ‘ಯಾವಾಗಲಾದರೂ ಎಂದರೆ ವಾರಕ್ಕೆ ಎಷ್ಟು ದಿನ? ಕಳೆದ ಸಲ ಕುಡಿಯಲು ಕೂತಾಗ ಎಷ್ಟಕ್ಕೆ ನಿಲ್ಲಿಸಬೇಕೆಂದುಕೊಂಡಿದ್ದಿರಿ, ಎಷ್ಟಕ್ಕೆ ನಿಂತಿತು?’ ಎಂದು ಇನ್ನೆರಡು ನಿಮಿಷ ಕೇಳಿದರೆ, ಅದೇ ವ್ಯಕ್ತಿಯ ಬಾಯಲ್ಲಿ ಬೇರೆಯೇ ಚಿತ್ರ ಬಿಚ್ಚಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, 2019ರಲ್ಲಿ ಜಗತ್ತಿನಾದ್ಯಂತ ಸುಮಾರು 40 ಕೋಟಿ ಜನ ಮದ್ಯಸೇವನೆಯ ಅಸ್ವಸ್ಥತೆಯೊಂದಿಗೆ ಬದುಕುತ್ತಿದ್ದರು, ಅವರಲ್ಲಿ 20.9 ಕೋಟಿ ಜನ ಮದ್ಯಕ್ಕೆ ಅವಲಂಬಿತರಾಗಿದ್ದರು. ಇಷ್ಟು ವ್ಯಾಪಕವಾದ ಕಾಯಿಲೆಯನ್ನು ಗುರುತಿಸುವ ಕೆಲಸ ಇಂದಿಗೂ ಮುಖ್ಯವಾಗಿ ಪ್ರಶ್ನೋತ್ತರದ ಮೇಲೆಯೇ ನಿಂತಿದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಈ ಅಸ್ವಸ್ಥತೆ ಇದೆ ಅಥವಾ ಇಲ್ಲ ಎಂದು ತಾನಾಗಿ ತೀರ್ಮಾನಿಸಲಾರದು.

ಇನ್ನೊಂದು ಸಂಗತಿ ಅನೇಕರಿಗೆ ಅಚ್ಚರಿಯೆನಿಸಬಹುದು. ರೋಗನಿರ್ಣಯದ ಮಾನದಂಡಗಳಲ್ಲಿ ದಿನಕ್ಕೆ ಇಷ್ಟು, ವಾರಕ್ಕೆ ಇಷ್ಟು ಎಂಬ ಪ್ರಮಾಣವೇ ಇಲ್ಲ. ಎಷ್ಟು ಕುಡಿಯುತ್ತಾರೆ ಎಂಬುದು ಅಪಾಯವನ್ನು ಅಳೆಯಲು ಬೇಕಾದ ಮಾಹಿತಿ. ಕಾಯಿಲೆಯನ್ನು ನಿರ್ಧರಿಸುವುದು ಕುಡಿತದ ಮೇಲೆ ಆ ವ್ಯಕ್ತಿಗಿರುವ ಹಿಡಿತ ಎಷ್ಟು ಸಡಿಲವಾಗಿದೆ, ಕುಡಿತಕ್ಕಾಗಿ ಬದುಕಿನ ಉಳಿದ ಭಾಗಗಳು ಎಷ್ಟು ಜಾಗ ಬಿಟ್ಟುಕೊಟ್ಟಿವೆ ಎಂಬುದು. ಇಬ್ಬರು ಒಂದೇ ಪ್ರಮಾಣದಲ್ಲಿ ಕುಡಿಯುತ್ತಿದ್ದರೂ ಒಬ್ಬರು ರೋಗನಿರ್ಣಯದ ಗೆರೆಯೊಳಗೆ, ಇನ್ನೊಬ್ಬರು ಅದರ ಹೊರಗೆ ಇರಲು ಸಾಧ್ಯ. ಹೊರಗಿರುವವರ ಯಕೃತ್ತು ಸುರಕ್ಷಿತವಾಗಿದೆ ಎಂದು ಇದರರ್ಥವಲ್ಲ. ಅಸ್ವಸ್ಥತೆಯೂ ಅಪಾಯವೂ ಎರಡು ಬೇರೆ ಲೆಕ್ಕಗಳು ಎಂದಷ್ಟೇ ಅರ್ಥ.

ಈ ಗೆರೆ ಎಳೆದ ಕತೆ ದೀರ್ಘವಾದದ್ದು. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಹೊರತಂದ ಮನೋರೋಗಗಳ ಮೊದಲ ಕೈಪಿಡಿ, ಅಂದರೆ ಡಿಎಸ್‌ಎಂ, ಮದ್ಯವ್ಯಸನವನ್ನು ಸಮಾಜಘಾತುಕ ವ್ಯಕ್ತಿತ್ವದ ದೋಷಗಳ ಜೊತೆಗೆ ಸೇರಿಸಿತ್ತು. ಕುಡಿತವೆಂದರೆ ನಡತೆಗೇಡು ಎಂಬ ಅಂದಿನ ಸಮಾಜದ ತೀರ್ಪು ವೈದ್ಯಕೀಯದ ಭಾಷೆಯಲ್ಲೂ ಹಾಗೆಯೇ ಇಳಿದಿತ್ತು. 1976ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ ಎಂಬ ಇಬ್ಬರು ಸಂಶೋಧಕರು ‘ಮದ್ಯ ಅವಲಂಬನೆಯ ಲಕ್ಷಣಕೂಟ’ವನ್ನು ವಿವರಿಸಿದಾಗ ದಿಕ್ಕು ಬದಲಾಯಿತು. ಕುಡಿತದ ರೀತಿ ವೈವಿಧ್ಯ ಕಳೆದುಕೊಂಡು ಒಂದೇ ಅಚ್ಚಿಗೆ ಇಳಿಯುವುದು, ಬೇರೆಲ್ಲಕ್ಕಿಂತ ಕುಡಿತ ಮುಂದಾಗುವುದು, ತಡೆದುಕೊಳ್ಳುವ ಪ್ರಮಾಣ ಏರುವುದು, ಬಿಟ್ಟಾಗ ದೇಹ ಪ್ರತಿಭಟಿಸುವುದು, ಆ ಕಷ್ಟ ತಪ್ಪಿಸಿಕೊಳ್ಳಲೆಂದೇ ಮತ್ತೆ ಕುಡಿಯುವುದು ಮುಂತಾದ ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ ಮತ್ತು ಅವುಗಳ ತೀವ್ರತೆಯಲ್ಲಿ ಹಲವು ಮಟ್ಟಗಳಿರುತ್ತವೆ ಎಂದು ಅವರು ತೋರಿಸಿದರು. ‘ಕುಡುಕ’ ಮತ್ತು ‘ಕುಡುಕನಲ್ಲದವ’ ಎಂಬ ಎರಡೇ ಕೋಣೆಗಳ ಮನೆಯಲ್ಲಿ ಇದು ದೊಡ್ಡ ಗೋಡೆಯನ್ನೇ ಕೆಡವಿತು.

1980ರ ಡಿಎಸ್‌ಎಂ ಮೂರನೆಯ ಆವೃತ್ತಿಯಿಂದ ‘ದುರ್ಬಳಕೆ’ ಮತ್ತು ‘ಅವಲಂಬನೆ’ ಎಂಬ ಎರಡು ಪ್ರತ್ಯೇಕ ರೋಗನಿರ್ಣಯಗಳು ಬಳಕೆಗೆ ಬಂದವು. 1994ರ ನಾಲ್ಕನೆಯ ಆವೃತ್ತಿಯಲ್ಲಿ ದುರ್ಬಳಕೆಗೆ ನಾಲ್ಕು ಲಕ್ಷಣಗಳಲ್ಲಿ ಒಂದು, ಅವಲಂಬನೆಗೆ ಏಳರಲ್ಲಿ ಮೂರು ಇದ್ದರೆ ಸಾಕಿತ್ತು. ಅವಲಂಬನೆಯ ಎರಡು ಲಕ್ಷಣಗಳಿದ್ದು ದುರ್ಬಳಕೆಯ ಒಂದೂ ಇಲ್ಲದವರು ಯಾವ ಹೆಸರಿಗೂ ಸೇರದೆ ಉಳಿಯುತ್ತಿದ್ದರು. ಸಂಶೋಧಕರು ಇವರನ್ನು ‘ರೋಗನಿರ್ಣಯದ ಅನಾಥರು’ ಎಂದೇ ಕರೆದರು. ಅತ್ತ, ಕುಡಿದು ವಾಹನ ಓಡಿಸಿದ ಒಂದೇ ಕಾರಣಕ್ಕೆ, ಬೇರಾವ ಲಕ್ಷಣವೂ ಇಲ್ಲದಿದ್ದರೂ ದುರ್ಬಳಕೆಯ ಪಟ್ಟ ಸಿಗುತ್ತಿತ್ತು. ಎರಡೂ ಗುಂಪಿನ ಲಕ್ಷಣಗಳನ್ನು ಅಂಕಿಅಂಶಗಳ ಮೂಲಕ ಪರೀಕ್ಷಿಸಿದಾಗ ಅವು ಎರಡು ಕಾಯಿಲೆಗಳಂತೆ ಬೇರ್ಪಡದೆ, ಹೆಚ್ಚೂಕಡಿಮೆ ಒಂದೇ ಏಣಿಯ ಮೆಟ್ಟಿಲುಗಳಂತೆ ಸಾಲಾಗಿ ನಿಂತವು. ಹೀಗಾಗಿ 2013ರಲ್ಲಿ ಬಂದ ಡಿಎಸ್‌ಎಂ-5 ಎರಡನ್ನೂ ಬೆಸೆದು ‘ಮದ್ಯಸೇವನೆಯ ಅಸ್ವಸ್ಥತೆ’ ಎಂಬ ಒಂದೇ ಹೆಸರು ಕೊಟ್ಟಿತು. ಕಾನೂನಿನ ತೊಡಕಿಗೆ ಸಿಲುಕಿದ್ದನ್ನು ಲಕ್ಷಣಗಳ ಪಟ್ಟಿಯಿಂದ ಕೈಬಿಟ್ಟು, ಕುಡಿಯಬೇಕೆಂಬ ತೀವ್ರ ಹಂಬಲವನ್ನು ಸೇರಿಸಿತು. ಕಾನೂನಿನ ಅಂಶವನ್ನು ತೆಗೆದದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಪೊಲೀಸರು ಎಲ್ಲಿ ಬಿಗಿಯಾಗಿದ್ದಾರೆ, ಎಲ್ಲಿ ಸಡಿಲವಾಗಿದ್ದಾರೆ ಎಂಬುದರ ಮೇಲೆ ಒಬ್ಬ ಮನುಷ್ಯನ ಕಾಯಿಲೆ ನಿರ್ಧಾರವಾಗಬಾರದು.

ಈಗಿರುವ ಲಕ್ಷಣಗಳು 11. ಅಂದುಕೊಂಡದ್ದಕ್ಕಿಂತ ಹೆಚ್ಚು ಅಥವಾ ಹೆಚ್ಚು ಹೊತ್ತು ಕುಡಿಯುವುದು, ಕಡಿಮೆ ಮಾಡಬೇಕೆಂದುಕೊಂಡೂ ಆಗದಿರುವುದು, ಮದ್ಯವನ್ನು ಹೊಂದಿಸಿಕೊಳ್ಳಲು, ಕುಡಿಯಲು, ಅದರ ಪರಿಣಾಮದಿಂದ ಚೇತರಿಸಿಕೊಳ್ಳಲು ಬಹಳ ಸಮಯ ಕಳೆಯುವುದು, ತೀವ್ರ ಹಂಬಲ ಎಂಬ ನಾಲ್ಕು ಹಿಡಿತ ತಪ್ಪಿದ್ದನ್ನು ಹೇಳುತ್ತವೆ. ಕೆಲಸ, ಓದು, ಮನೆಯ ಹೊಣೆಗಳಲ್ಲಿ ಮತ್ತೆ ಮತ್ತೆ ಸೋಲುವುದು, ಸಂಬಂಧಗಳು ಹದಗೆಡುತ್ತಿದ್ದರೂ ಕುಡಿತ ಮುಂದುವರಿಸುವುದು, ಮುಖ್ಯವಾದ ಚಟುವಟಿಕೆಗಳನ್ನು ಅದಕ್ಕಾಗಿ ಬಿಡುವುದು ಎಂಬ ಮೂರು ಸಾಮಾಜಿಕ ನಷ್ಟಕ್ಕೆ ಸೇರಿದವು. ಅಪಾಯಕರ ಸನ್ನಿವೇಶಗಳಲ್ಲಿ ಪದೇ ಪದೇ ಕುಡಿಯುವುದು, ಕುಡಿತದಿಂದಲೇ ದೇಹಕ್ಕೋ ಮನಸ್ಸಿಗೋ ತೊಂದರೆಯಾಗುತ್ತಿದೆ ಎಂದು ತಿಳಿದೂ ಕುಡಿಯುವುದು ಮತ್ತೆರಡು. ಕೊನೆಯ ಎರಡು ದೇಹದ ಸಾಕ್ಷ್ಯಗಳು: ಮೊದಲಿನ ಅಮಲೇರಲು ಹೆಚ್ಚು ಹೆಚ್ಚು ಬೇಕಾಗುವುದು, ಮತ್ತು ಬಿಟ್ಟಾಗ ನಡುಕ, ಬೆವರು, ತಳಮಳ ಕಾಣಿಸಿಕೊಳ್ಳುವುದು. 12 ತಿಂಗಳ ಅವಧಿಯಲ್ಲಿ ಇವುಗಳಲ್ಲಿ ಎರಡೋ ಮೂರೋ ಕಂಡರೆ ಸೌಮ್ಯ, ನಾಲ್ಕೈದು ಕಂಡರೆ ಮಧ್ಯಮ, ಆರು ಮತ್ತು ಅದಕ್ಕೂ ಮೇಲಿದ್ದರೆ ತೀವ್ರ ಎಂದು ದಾಖಲಿಸಲಾಗುತ್ತದೆ.

ಎಣಿಕೆ ಸರಳವಾಗಿ ಕಾಣುತ್ತದೆ. ಆದರೆ 11ರಲ್ಲಿ ಕನಿಷ್ಠ ಎರಡನ್ನು ಆರಿಸುವ ಬಗೆಗಳನ್ನು ಲೆಕ್ಕ ಹಾಕಿದರೆ 2,036 ಆಗುತ್ತವೆ. ಅಂದರೆ ಒಂದೇ ಹೆಸರಿನ ಕಾಯಿಲೆಗೆ 2,036 ಮುಖಗಳು. ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಒಬ್ಬ 20ರ ಹರೆಯದ ವಿದ್ಯಾರ್ಥಿ; ಗೆಳೆಯರ ಜೊತೆ ಕೂತಾಗ ‘ಎರಡಕ್ಕೆ ಸಾಕು’ ಎಂದುಕೊಂಡದ್ದು ನಾಲ್ಕಾಗುತ್ತದೆ, ಮೊದಮೊದಲು ಎರಡಕ್ಕೇ ಏರುತ್ತಿದ್ದದ್ದು ಈಗ ನಾಲ್ಕಾದರೂ ಏರುವುದಿಲ್ಲ. ಇನ್ನೊಬ್ಬರು 50 ದಾಟಿದ ಗೃಹಸ್ಥರು. ಬೆಳಿಗ್ಗೆ ಕೈನಡುಕ ನಿಲ್ಲಲು ಒಂದು ಗುಟುಕು ಬೇಕು, ಬಿಡಲು ಮೂರು ಸಲ ಹೆಣಗಿ ಸೋತಿದ್ದಾರೆ. ಲೆಕ್ಕದಲ್ಲಿ ಇಬ್ಬರಿಗೂ ಎರಡೆರಡು ಲಕ್ಷಣ, ಇಬ್ಬರಿಗೂ ‘ಸೌಮ್ಯ’ ಎಂಬ ಪಟ್ಟಿ. ಚಿಕಿತ್ಸೆಯ ದೃಷ್ಟಿಯಿಂದ ಅವರಿಬ್ಬರ ನಡುವೆ ಆಕಾಶಭೂಮಿಯ ಅಂತರವಿದೆ. ಮೊದಲನೆಯವನಿಗೆ ಒಂದು ಸ್ಪಷ್ಟ ಎಚ್ಚರಿಕೆಯ ಮಾತು ಮತ್ತು ಕೆಲವು ತಿಂಗಳ ನಿಗಾ ಸಾಕಾದೀತು. ಎರಡನೆಯವರು ಏಕಾಏಕಿ ಕುಡಿತ ನಿಲ್ಲಿಸಿದರೆ ಆಸ್ಪತ್ರೆ ಸೇರಬೇಕಾಗಬಹುದು. ಎಲ್ಲ ಲಕ್ಷಣಗಳಿಗೂ ಸಮಾನ ತೂಕ ಕೊಟ್ಟು ಎಣಿಸುವ ಪದ್ಧತಿಯ ಅತಿ ದೊಡ್ಡ ಕೊರತೆ ಇದು. ಸಂಖ್ಯೆಯನ್ನಷ್ಟೇ ಬರೆದು, ಯಾವ ಯಾವ ಲಕ್ಷಣ ಎಂಬುದನ್ನು ಬಿಟ್ಟ ಕಡತ ನನ್ನ ದೃಷ್ಟಿಯಲ್ಲಿ ಅರ್ಧ ಕಡತ.

ಪ್ರಶ್ನೆ ಕೇಳುವ ಬಗೆಯಲ್ಲೇ ಇನ್ನಷ್ಟು ಸೂಕ್ಷ್ಮಗಳು ಅಡಗಿವೆ. ‘ಅಂದುಕೊಂಡದ್ದಕ್ಕಿಂತ ಹೆಚ್ಚು ಕುಡಿಯುತ್ತೀರಾ?’ ಎಂಬ ಪ್ರಶ್ನೆಗೆ ಅರ್ಥ ಬರಬೇಕಾದರೆ ಆ ವ್ಯಕ್ತಿ ಮೊದಲು ಒಂದು ಮಿತಿಯನ್ನು ಅಂದುಕೊಂಡಿರಬೇಕು. ಬಾಟಲಿ ಖಾಲಿಯಾಗುವವರೆಗೆ ಕುಡಿಯುವುದೆಂದೇ ಕೂತವರು ಮಿತಿ ಮೀರುವ ಪ್ರಶ್ನೆಯೇ ಬರುವುದಿಲ್ಲ. ಅವರು ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾರೆ. ಕಡಿಮೆ ಮಾಡಲು ಯತ್ನಿಸಿ ಸೋತಿದ್ದೀರಾ ಎಂದರೆ, ಎಂದೂ ಯತ್ನಿಸದವರೂ ಹಾಗೆಯೇ ‘ಇಲ್ಲ’ ಎನ್ನುತ್ತಾರೆ. ಹೀಗೆ ಕಾಯಿಲೆಯ ಬಗ್ಗೆ ಒಂದಿಷ್ಟು ಅರಿವು ಮೂಡಿ, ಹೋರಾಡಲು ತೊಡಗಿದವರ ಅಂಕ ಏರುತ್ತದೆ. ಅರಿವೇ ಇಲ್ಲದವರ ಅಂಕ ಕೆಳಗೇ ಉಳಿಯುತ್ತದೆ. ತಾಳಿಕೆಯ, ಅಂದರೆ ಅಮಲೇರಲು ಹೆಚ್ಚು ಹೆಚ್ಚು ಬೇಕಾಗುವುದರ ಪ್ರಶ್ನೆಯೂ ಹಾಗೆಯೇ. ಕುಡಿಯಲು ಶುರುಮಾಡಿದ ಯಾರಿಗೇ ಆದರೂ ಮೊದಲ ವರ್ಷದಲ್ಲಿ ತಾಳಿಕೆ ಸ್ವಲ್ಪ ಏರುತ್ತದೆ. ಅಷ್ಟನ್ನೇ ಲಕ್ಷಣವೆಂದು ಹಿಡಿದರೆ ಎಳೆಯ ವಯಸ್ಸಿನವರಲ್ಲಿ ಕಾಯಿಲೆಯ ಸಂಖ್ಯೆ ಉಬ್ಬಿ ಕಾಣುತ್ತದೆ. ‘ಈಗ ಎಷ್ಟು ಬೇಕು, ಎರಡು ವರ್ಷದ ಹಿಂದೆ ಎಷ್ಟು ಸಾಕಾಗುತ್ತಿತ್ತು, ಬೇರೆಯವರು ತೂರಾಡುವಷ್ಟು ಕುಡಿದರೂ ನಿಮಗೆ ಏನೂ ಅನ್ನಿಸುವುದಿಲ್ಲವೇ?’ ಎಂದು ಬಿಡಿಸಿ ಕೇಳಿದಾಗಲೇ ಉತ್ತರಕ್ಕೆ ತೂಕ ಬರುತ್ತದೆ.

ಅತಿ ಹೆಚ್ಚು ಗೊಂದಲವಾಗುವುದು ಕುಡಿತ ಬಿಟ್ಟಾಗಿನ ಲಕ್ಷಣಗಳ ವಿಷಯದಲ್ಲಿ. ಹಿಂದಿನ ರಾತ್ರಿ ಮಿತಿಮೀರಿ ಕುಡಿದವರಿಗೆ ಬೆಳಿಗ್ಗೆ ಬರುವ ತಲೆನೋವು, ಬಾಯಾರಿಕೆ, ವಾಕರಿಕೆ ಹ್ಯಾಂಗೋವರ್; ಒಂದೇ ದಿನ ಕುಡಿದವರಿಗೂ ಅದು ಬರಬಹುದು. ವಿತ್‌ಡ್ರಾವಲ್ ಎಂಬುದು ಹಲವು ದಿನ, ವಾರ, ತಿಂಗಳುಗಟ್ಟಲೆ ಕುಡಿದ ದೇಹ ಮದ್ಯವಿಲ್ಲದೆ ಸಮತೋಲ ಕಾಯ್ದುಕೊಳ್ಳಲಾಗದೆ ಒದ್ದಾಡುವ ಸ್ಥಿತಿ. ಸಾಮಾನ್ಯವಾಗಿ ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳೊಳಗೆ ಅದು ತಲೆಯೆತ್ತುತ್ತದೆ. ಇದನ್ನು ಅಳೆಯಲು ಬಳಸುವ ಸಿಐಡಬ್ಲ್ಯುಎ-ಎಆರ್ ಎಂಬ ಮಾಪನದಲ್ಲಿ ಹತ್ತು ಅಂಶಗಳಿದ್ದು, ಗರಿಷ್ಠ ಅಂಕ 67. ಅದರಲ್ಲಿ ನಡುಕವನ್ನು ನೋಡುವ ಕ್ರಮವನ್ನು ಹತ್ತಿರದಿಂದ ಗಮನಿಸಬೇಕು. ರೋಗಿ ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿ ಬೆರಳುಗಳನ್ನು ಅಗಲಿಸುತ್ತಾರೆ. ಕಣ್ಣಿಗೆ ಏನೂ ಕಾಣದಿದ್ದರೂ, ತಪಾಸಣೆ ಮಾಡುವವರು ತಮ್ಮ ಬೆರಳತುದಿಗಳನ್ನು ರೋಗಿಯ ಬೆರಳತುದಿಗಳಿಗೆ ತಾಗಿಸಿದಾಗ ಸಣ್ಣಗೆ ಕಂಪಿಸಿದ ಅನುಭವವಾದರೆ ಅದಕ್ಕೆ ಒಂದು ಅಂಕ. ತೋಳು ಚಾಚಿದಾಗ ಸಾಧಾರಣ ಮಟ್ಟದ ನಡುಕ ಕಂಡರೆ ನಾಲ್ಕು, ಚಾಚದಿದ್ದರೂ ಜೋರಾಗಿ ಕಂಡರೆ ಏಳು. ಯಂತ್ರಗಳಿಂದ ತುಂಬಿದ ಆಸ್ಪತ್ರೆಯಲ್ಲೂ ಬೆರಳಿಗೆ ಬೆರಳು ತಾಗಿಸಿ ನೋಡುವ ಈ ಪರೀಕ್ಷೆ ಉಳಿದುಕೊಂಡಿರುವುದು ನನಗೆ ಯಾವಾಗಲೂ ಸಮಾಧಾನ ಕೊಡುವ ಸಂಗತಿ.

ಇಲ್ಲೊಂದು ಎಚ್ಚರ ಬೇಕು. ನಡುಕ ಬಾರದಂತೆ ಪ್ರತಿದಿನ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವರಿಗೆ ನಡುಕವೇ ಕಾಣುವುದಿಲ್ಲ. ‘ಕೈ ನಡುಗುತ್ತದೆಯೇ?’ ಎಂದರೆ ‘ಇಲ್ಲ’ ಎಂಬುದೇ ನಿಜವಾದ ಉತ್ತರ. ಮಾನದಂಡದ ಪ್ರಕಾರ, ಲಕ್ಷಣಗಳನ್ನು ತಪ್ಪಿಸಿಕೊಳ್ಳಲು ಕುಡಿಯುವುದೂ ವಿತ್‌ಡ್ರಾವಲ್ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ‘ಒಂದು ದಿನ ಕುಡಿಯದೇ ಇದ್ದದ್ದು ಕೊನೆಯ ಸಲ ಯಾವಾಗ, ಆ ದಿನ ಹೇಗಿತ್ತು?’ ಎಂಬುದು. ಈ ಉತ್ತರದ ಮೇಲೆ ಜೀವವೇ ನಿಂತಿರಬಹುದು. ದೀರ್ಘಕಾಲ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದಾಗ ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿ ಕಾಣಿಸಿಕೊಂಡು, ದಿಕ್ಕುದೆಸೆ ತಿಳಿಯದೆ, ಇಲ್ಲದ್ದು ಕಾಣಿಸುತ್ತಾ, ಜ್ವರ ಬೆವರಿನೊಂದಿಗೆ ಪ್ರಾಣಕ್ಕೇ ಕುತ್ತು ಬರಬಹುದು. ‘ನಾಳೆಯಿಂದಲೇ ಬಿಟ್ಟುಬಿಡಿ’ ಎಂಬ ಸದುದ್ದೇಶದ ಸಲಹೆ ಅಂಥವರಿಗೆ ಅಪಾಯಕಾರಿ. ಬಿಡಿಸುವುದು ವೈದ್ಯರ ನಿಗಾದಲ್ಲಿ, ಔಷಧಿಯೊಂದಿಗೆ, ಬಿ1 ಜೀವಸತ್ವದ ಪೂರೈಕೆಯೊಂದಿಗೆ ಆಗಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಬೇರೆ ದಾರಿ ಹಿಡಿದಿದೆ. 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಅವಲಂಬನೆಯನ್ನು ಪ್ರತ್ಯೇಕ ರೋಗನಿರ್ಣಯವಾಗಿಯೇ ಉಳಿಸಿಕೊಂಡು, ಅದರ ತಿರುಳನ್ನು ಮೂರಕ್ಕೆ ಇಳಿಸಿದೆ: ಕುಡಿತದ ಮೇಲಿನ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಕುಡಿತ ಮೇಲಾಗುವುದು, ಮತ್ತು ತಾಳಿಕೆ ಅಥವಾ ವಿತ್‌ಡ್ರಾವಲ್‌ನಂಥ ದೈಹಿಕ ಚಿಹ್ನೆಗಳು. ಮೂರರಲ್ಲಿ ಎರಡಿದ್ದರೆ ಅವಲಂಬನೆ. ಇದಲ್ಲದೆ ಕುಡಿತದಿಂದ ತನ್ನ ಅಥವಾ ಇತರರ ಆರೋಗ್ಯಕ್ಕೆ ಈಗಾಗಲೇ ಹಾನಿಯಾಗಿರುವ ‘ಹಾನಿಕಾರಕ ಬಳಕೆ’ ಎಂಬ ವರ್ಗವಿದೆ. ಹಾನಿ ಇನ್ನೂ ಆಗದೆ ಅಪಾಯವಷ್ಟೇ ಇರುವ ಬಳಕೆಯನ್ನು ಕಾಯಿಲೆಗಳ ಪಟ್ಟಿಯಿಂದ ಹೊರಗಿಟ್ಟು, ಗಮನಿಸಬೇಕಾದ ಸ್ಥಿತಿ ಎಂದಷ್ಟೇ ಗುರುತಿಸಲಾಗಿದೆ. ‘ಇತರರ ಆರೋಗ್ಯಕ್ಕೆ’ ಎಂಬ ಮಾತು ಹೊಸದು, ಮತ್ತು ಮಹತ್ವದ್ದು. ಕುಡಿದವರ ಹೊಡೆತ ತಿಂದ ಮನೆಯವರೂ ಈಗ ರೋಗನಿರ್ಣಯದ ಲೆಕ್ಕಕ್ಕೆ ಬಂದಿದ್ದಾರೆ. ಎರಡು ವರ್ಗೀಕರಣಗಳು ಎಲ್ಲ ಕಡೆಯೂ ಹೊಂದುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ತೀವ್ರ ಹಂತದಲ್ಲಿ ಎರಡೂ ಸಾಮಾನ್ಯವಾಗಿ ಒಂದೇ ವ್ಯಕ್ತಿಯತ್ತ ಬೆರಳು ತೋರಿಸುತ್ತವೆ. ಭಿನ್ನಾಭಿಪ್ರಾಯವಿರುವುದು ಕೆಳಗಿನ ಅಂಚಿನಲ್ಲಿ.

ತಪಾಸಣಾ ಪ್ರಶ್ನಾವಳಿ ಮತ್ತು ರೋಗನಿರ್ಣಯ ಒಂದೇ ಎಂದು ತಿಳಿಯುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳು, ಗರಿಷ್ಠ 40 ಅಂಕ. 8 ಅಥವಾ ಹೆಚ್ಚು ಬಂದರೆ ಅಪಾಯಕರ ಕುಡಿತದ ಶಂಕೆ. 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇದೆಯೇ ಎಂದು ವಿವರವಾಗಿ ಪರೀಕ್ಷಿಸಬೇಕು. ಜಾನ್ ಎವಿಂಗ್ ರೂಪಿಸಿದ, 1984ರಲ್ಲಿ ಪ್ರಕಟವಾದ ಕೇಜ್ ಪ್ರಶ್ನಾವಳಿ ಇನ್ನೂ ಚಿಕ್ಕದು: ಕಡಿಮೆ ಮಾಡಬೇಕೆನಿಸಿದೆಯೇ, ಜನ ಆಕ್ಷೇಪಿಸಿ ಕಿರಿಕಿರಿಯಾಗಿದೆಯೇ, ತಪ್ಪಿತಸ್ಥ ಭಾವ ಕಾಡಿದೆಯೇ, ಬೆಳಿಗ್ಗೆ ಎದ್ದೊಡನೆ ಬೇಕಾಗಿದೆಯೇ ಎಂಬ ನಾಲ್ಕೇ ಪ್ರಶ್ನೆಗಳು. ಇವು ಜರಡಿಗಳು. ಅಂಕ ಬಂದವರೆಲ್ಲರೂ ರೋಗಿಗಳಲ್ಲ, ಬಾರದವರೆಲ್ಲರೂ ಕ್ಷೇಮವೂ ಅಲ್ಲ.

ಜರಡಿಯಲ್ಲಿ ತೂತು ಬೀಳುವುದು ‘ಒಂದು’ ಎಂಬ ಪದದಲ್ಲಿ. ಆಡಿಟ್‌ನ ಮೊದಲ ಮೂರು ಪ್ರಶ್ನೆಗಳು ಎಷ್ಟು ಸಲ, ಎಷ್ಟು ಎಂದು ಕೇಳುತ್ತವೆ. ಪ್ರಮಾಣಿತ ಒಂದು ಎಂದರೆ ವಿಶ್ವ ಆರೋಗ್ಯ ಸಂಸ್ಥೆಗೆ 10 ಗ್ರಾಂ ಶುದ್ಧ ಮದ್ಯಸಾರ, ಅಮೆರಿಕಕ್ಕೆ 14, ಬ್ರಿಟನ್ನಿಗೆ 8. ಶೇಕಡ 8ರ ಮದ್ಯಸಾರವಿರುವ 500 ಮಿಲಿಲೀಟರಿನ ಒಂದು ಡಬ್ಬಿ ಬಿಯರಿನಲ್ಲಿ ಸುಮಾರು 32 ಗ್ರಾಂ ಮದ್ಯಸಾರ ಇರುತ್ತದೆ. ಕುಡಿದವರಿಗೆ ಅದು ‘ಒಂದೇ ಒಂದು ಬಿಯರ್’. ಲೆಕ್ಕದಲ್ಲಿ ಮೂರಕ್ಕೂ ಹೆಚ್ಚು. ಯಾರೂ ಸುಳ್ಳು ಹೇಳಿಲ್ಲ, ಆದರೂ ಅಂಕ ತಪ್ಪಿತು. ಪೇಯ ಯಾವುದು, ಬಾಟಲಿಯ ಗಾತ್ರವೆಷ್ಟು, ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಕೇಳುವುದೇ ಇದಕ್ಕೆ ಮದ್ದು.

ರಕ್ತ ಪರೀಕ್ಷೆಗಳ ಪಾತ್ರ ಪೂರಕವಾದದ್ದು. ಜಿಜಿಟಿ ಎಂಬ ಕಿಣ್ವ ಕುಡಿತದಿಂದ ಏರುತ್ತದೆ, ಆದರೆ ಬೊಜ್ಜು, ಕೆಲವು ಔಷಧಿಗಳು, ಯಕೃತ್ತಿನ ಬೇರೆ ಕಾಯಿಲೆಗಳಿಂದಲೂ ಏರುತ್ತದೆ. ಅತಿಯಾಗಿ ಕುಡಿಯುವ ಅನೇಕರಲ್ಲಿ ಏರದೆಯೂ ಇರುತ್ತದೆ. ಕೆಂಪು ರಕ್ತಕಣಗಳ ಗಾತ್ರ ಹಿಗ್ಗುವುದು ಇನ್ನೊಂದು ಸುಳಿವು. ಆ ಕಣಗಳ ಆಯಸ್ಸು ಸುಮಾರು 120 ದಿನವಾದ್ದರಿಂದ ಕುಡಿತ ಬಿಟ್ಟ ಮೇಲೂ ಅದು ಇಳಿಯಲು ತಿಂಗಳುಗಳು ಬೇಕು. ಮದ್ಯಸಾರವಿದ್ದಾಗ ಮಾತ್ರ ಕೆಂಪು ಕಣಗಳ ಪೊರೆಯಲ್ಲಿ ರೂಪುಗೊಳ್ಳುವ ಪೆತ್ ಎಂಬ ವಸ್ತು ಇವೆಲ್ಲಕ್ಕಿಂತ ನಿಖರ, ಎರಡರಿಂದ ನಾಲ್ಕು ವಾರಗಳ ಹಿಂದಿನವರೆಗಿನ ಕುಡಿತವನ್ನು ತೋರಿಸಬಲ್ಲದು. ಅದೂ ಹೇಳುವುದು ಕುಡಿದದ್ದನ್ನು ಮಾತ್ರ. ಹಂಬಲ, ಸೋತ ಯತ್ನ, ಮುರಿದ ಸಂಬಂಧ ಇವು ರಕ್ತದಲ್ಲಿ ಕಾಣುವುದಿಲ್ಲ. ಈ ಪರೀಕ್ಷೆಗಳನ್ನು ರೋಗಿಯನ್ನು ಸುಳ್ಳುಗಾರನೆಂದು ಹಿಡಿದುಹಾಕುವ ಸಾಕ್ಷ್ಯದಂತೆ ಮೇಜಿನ ಮೇಲೆ ಎಸೆದರೆ ಮುಂದಿನ ಉತ್ತರಗಳು ಬಾಯಿಂದ ಹೊರಡುವುದೇ ಇಲ್ಲ. ‘ನಿಮ್ಮ ಯಕೃತ್ತಿಗೆ ಭಾರವಾಗುತ್ತಿದೆ, ಏಕಿರಬಹುದೆಂದು ಒಟ್ಟಿಗೆ ನೋಡೋಣ’ ಎಂದಾಗ ಅದೇ ಅಂಕಿ ಮಾತಿಗೆ ಬಾಗಿಲಾಗುತ್ತದೆ.

ಖಿನ್ನತೆ, ಆತಂಕ ಜೊತೆಗಿದ್ದಾಗ ಕೆಲಸ ಇನ್ನೂ ಕಠಿಣ. ಬೇಸರಕ್ಕೆ ಕುಡಿದರೋ, ಕುಡಿದು ಬೇಸರವಾಯಿತೋ ಎಂದು ಒಂದೇ ಭೇಟಿಯಲ್ಲಿ ಹೇಳಲಾಗದು. ಕುಡಿತಕ್ಕೂ ಮೊದಲೇ ಖಿನ್ನತೆಯ ಚರಿತ್ರೆ ಇತ್ತೇ ಎಂದು ಕೇಳಬೇಕು. ಕುಡಿತ ನಿಂತು ಸುಮಾರು ಒಂದು ತಿಂಗಳಾದ ಮೇಲೂ ಉಳಿದರೆ ಅದು ಸ್ವತಂತ್ರ ಕಾಯಿಲೆಯಿರುವ ಸಂಭವ ಹೆಚ್ಚು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಬೇಕು, ಇದ್ದರೆ ಚಿಕಿತ್ಸೆ ಅಂದೇ ಆರಂಭವಾಗಬೇಕು.

ರೋಗನಿರ್ಣಯಕ್ಕೆ ಕೊನೆಯೂ ಇದೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಡಿಎಸ್‌ಎಂ-5ರ ಪ್ರಕಾರ ಲಕ್ಷಣಗಳಿಲ್ಲದೆ ಮೂರು ತಿಂಗಳು ಕಳೆದರೆ ಆರಂಭಿಕ ಉಪಶಮನ, 12 ತಿಂಗಳು ಕಳೆದರೆ ಸ್ಥಿರ ಉಪಶಮನ. ವರ್ಷಗಳ ಹಿಂದೆ ಬರೆದ ‘ಮದ್ಯವ್ಯಸನಿ’ ಎಂಬ ಒಂದು ಪದ ಕಡತದಿಂದ ಕಡತಕ್ಕೆ ನಕಲಾಗುತ್ತಾ ಬಂದು, ಇಂದಿನ ಎದೆನೋವನ್ನೂ ಹೊಟ್ಟೆನೋವನ್ನೂ ಅದರ ಕಣ್ಣಿನಿಂದಲೇ ನೋಡುವಂತಾಗುವುದು ರೋಗಿಗೆ ಆಗುವ ಅನ್ಯಾಯ. ಪ್ರತಿ ಭೇಟಿಯಲ್ಲೂ ದಿನಾಂಕ ಹಾಕಿ, ಈಗಿನ ಸ್ಥಿತಿ ಏನೆಂದು ಹೊಸದಾಗಿ ಬರೆಯಬೇಕು. ಉಪಶಮನದ ಈ ಲೆಕ್ಕದಲ್ಲಿ 11 ಲಕ್ಷಣಗಳ ಪೈಕಿ ಒಂದಕ್ಕೆ ಮಾತ್ರ ವಿನಾಯಿತಿ ಇದೆ, ಅದು ಹಂಬಲ. ಸಂಜೆಯಾದರೆ ಇನ್ನೂ ಬಾಯಿ ಒಣಗುತ್ತದೆ, ಹಳೆಯ ಹಾದಿ ಕಂಡರೆ ಕಾಲು ತಡವರಿಸುತ್ತದೆ ಎನ್ನುವವರು, ಉಳಿದ ಹತ್ತೂ ಲಕ್ಷಣಗಳಿಲ್ಲದೆ ಒಂದು ವರ್ಷ ದಾಟಿದ್ದರೆ, ಕೈಪಿಡಿಯ ಪ್ರಕಾರವೇ ಅವರನ್ನು ಸ್ಥಿರ ಉಪಶಮನದಲ್ಲಿರುವವರು ಎಂದು ದಾಖಲಿಸಬೇಕು.